ಕಾಡಿಗೆ ಹೋಗಲು ದುಡ್ಡು ಯಾಕೆ ಕೊಡಬೇಕು?



ಈ ವರ್ಷದ ಪ್ರವಾಸಕ್ಕೆ ಜಾಗ ಹುಡುಕುವಾಗ ನಮ್ಮ ಸಭೆಯಲ್ಲಿ ಒಂದು ಪ್ರಶ್ನೆ ಬಂತು: "ಕಾಡು ದೇವರ ಸೃಷ್ಟಿ. ಅಲ್ಲಿಗೆ ಟಿಕೆಟ್, ಮೇಲಿಂದ ಗೈಡಿಗೂ ದುಡ್ಡು ಯಾಕೆ?" ಕೇಳಬೇಕಾದ ಪ್ರಶ್ನೆಯೇ. ಆದರೆ ದುಡ್ಡು ಕೊಡಬೇಕು, ಚೌಕಾಸಿ ಮಾಡದೆ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಇಡುಕ್ಕಿ ಜಿಲ್ಲೆಯ ತೇಕ್ಕಡಿ ನಮಗೆಲ್ಲ ಗೊತ್ತು. 925 ಚದರ ಕಿಲೋಮೀಟರಿನ ಪೆರಿಯಾರ್ ಹುಲಿ ರಕ್ಷಿತಾರಣ್ಯಕ್ಕೆ ಅದೇ ಬಾಗಿಲು. ಒಂದು ಕಾಲದಲ್ಲಿ ಅಲ್ಲಿನ ಕೆಲವರು ಕಾಡಿಗೆ ನುಗ್ಗಿ, ದಾಲ್ಚಿನ್ನಿ ಜಾತಿಯ ವಯಣ ಮರದ ತೊಗಟೆ ಕದ್ದು ಮಾರುತ್ತಿದ್ದರು. ಸುತ್ತಲೂ ತೊಗಟೆ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ, ಮರ ನಿಂತಲ್ಲೇ ಸಾಯುತ್ತದೆ. ಕೇಸು ಹಾಕಿದರೂ ಕಳ್ಳತನ ನಿಲ್ಲಲಿಲ್ಲ, ಯಾಕೆಂದರೆ ಹೊಟ್ಟೆಪಾಡಿಗೆ ಬೇರೆ ದಾರಿ ಇರಲಿಲ್ಲ.

1996ರಲ್ಲಿ ಶುರುವಾದ ಇಕೋ ಡೆವಲಪ್‌ಮೆಂಟ್ ಯೋಜನೆಯಲ್ಲಿ ಅರಣ್ಯ ಇಲಾಖೆ ಅವರದ್ದೇ ಒಂದು ಸಮಿತಿ ಮಾಡಿತು. ಕಾಡಿನ ಕಳ್ಳದಾರಿಗಳನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? 'ಪೆರಿಯಾರ್ ಟೈಗರ್ ಟ್ರೇಲ್' ಹುಟ್ಟಿದ್ದು ಹಾಗೆ. ಪ್ರವಾಸಿಗರಿಗೆ ದಾರಿ ತೋರಿಸುವುದೇ ಅವರ ದುಡಿಮೆಯಾಯಿತು, ಆ ನಡಿಗೆಯೇ ಕಾಡಿನ ಗಸ್ತೂ ಆಯಿತು. ಮನ್ನಾನ್, ಪಳಿಯನ್ ಬುಡಕಟ್ಟಿನವರಿಗೂ ಗೈಡ್ ಕೆಲಸ ಸಿಕ್ಕಿತು. 'ವಸಂತಸೇನೆ'ಯ ಮಹಿಳೆಯರಂತೂ ಸಂಬಳವಿಲ್ಲದೆ ಗಸ್ತು ತಿರುಗಿದರು.

ಬಿಎಸ್ಸಿ ಓದುವಾಗ ಸ್ಟಡಿ ಟೂರಿಗೆ ನಾವು ಅಲ್ಲಿಗೆ ಹೋಗಿದ್ದೆವು. ಉಂಬಳ ಹತ್ತದಂತೆ ಕಾಲಿಗೆ ಬಟ್ಟೆಯ ಚೀಲ ಕಟ್ಟಿಸಿ, ಗೈಡ್ ಅಣ್ಣ ಮೊದಲು ಹೇಳಿದ್ದು ಒಂದೇ ಮಾತು: ಗಲಾಟೆ ಮಾಡಬೇಡಿ. ಅತ್ತಿಮರದ ಮೇಲೆ ಕೂತ ಮಂಗಟ್ಟೆಯನ್ನು ನಮ್ಮ ಕಣ್ಣಿಗೆ ಬೀಳುವ ಮೊದಲೇ ರೆಕ್ಕೆಯ ಸದ್ದಿನಿಂದ ಗುರುತಿಸಿದ್ದರು. ಆ ಹಕ್ಕಿ ಹಣ್ಣು ತಿಂದು ಬೀಜ ಹರಡದಿದ್ದರೆ ಕಾಡು ಬೆಳೆಯುವುದು ಹೇಗೆ ಎಂದು ಅವರು ಕೇಳಿದಾಗ ನಮ್ಮ ಪಠ್ಯಪುಸ್ತಕಕ್ಕೆ ಜೀವ ಬಂದಂತಾಯಿತು.

ಹಾಗೆಂದು ಪ್ರವಾಸಿಗರು ಹೆಚ್ಚಿದಷ್ಟೂ ಕಾಡಿಗೆ ಒಳ್ಳೆಯದು ಎಂದಲ್ಲ. ಊರವರ ಸಮಿತಿಯೇ ನಡೆಸಿದರೂ ಜನಜಂಗುಳಿಯನ್ನು ಕಾಡು ತಾಳದು. ಆದ್ದರಿಂದ 'ಇವತ್ತು ಇಷ್ಟೇ ಜನ', 'ಆನೆ ಇದೆ, ಇವತ್ತು ಇಲ್ಲ' ಎಂದು ಅವರು ಹೇಳಿದರೆ ವಾದಕ್ಕೆ ನಿಲ್ಲದೆ ಹಿಂತಿರುಗುವುದೂ ನಮ್ಮ ಜವಾಬ್ದಾರಿ.

ನಮ್ಮ ಕಾಸರಗೋಡಿನಲ್ಲೇ ರಾಣಿಪುರಂ ಇದೆ. ಬೆಟ್ಟದ ಆಚೆ ಕೊಡಗು. ಅಲ್ಲೂ ಊರವರ ವನ ಸಂರಕ್ಷಣಾ ಸಮಿತಿ ಚಾರಣದ ವ್ಯವಸ್ಥೆ ನೋಡಿಕೊಳ್ಳುತ್ತದೆ. ಈ ಸಲ ಅಲ್ಲಿಗೇ ಹೋಗೋಣ. ಸ್ಪೀಕರ್ ಮನೆಯಲ್ಲಿರಲಿ, ಬುತ್ತಿ ಸ್ಟೀಲ್ ಡಬ್ಬಿಯಲ್ಲಿರಲಿ. ಚಹಾ ತಿಂಡಿ ಅಲ್ಲಿನವರ ಅಂಗಡಿಯಲ್ಲೇ ಆಗಲಿ. ನಾವು ಕೊಡುವ ದುಡ್ಡು ಕಾಡಿನ ಬೆಲೆಯಲ್ಲ, ಕಾಯುವವರ ಕೂಲಿ. ಏನಂತೀರಿ? ಮುಂದಿನ ಭಾನುವಾರ ಪೂಜೆಯ ನಂತರ ಮಾತಾಡೋಣ.