ಬಾಯಾರಿಕೆಗೂ ದರ್ಜೆಯೇ?

ಹೋಟೆಲಿಗೆ ಬಂದವನ ಮುಂದೆ ಮೊದಲು ಒಂದು ಲೋಟ ನೀರು, ಆಮೇಲೆ "ಏನು ಕೊಡಲಿ?" ಎಂಬ ಮಾತು. ಇದು ನಮ್ಮ ಕಡೆಯ ಪದ್ಧತಿ. ಈಗ ದೊಡ್ಡ ಹೋಟೆಲುಗಳಲ್ಲಿ ಮೊದಲ ಪ್ರಶ್ನೆಯೇ, "ಬಾಟಲಿಯೋ, ಸಾದಾ ನೀರೋ?" ಸಾದಾ ಎಂದವನತ್ತ ತಾತ್ಸಾರದ ನೋಟ! ಬಾಟಲಿಯ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚು ವಸೂಲು ಮಾಡಲು 2017ರಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆಯೂ ಸಿಕ್ಕಿತು.

ಜಾತಿ ನೋಡಿ ಬೇರೆ ಲೋಟ ಇಡುವುದನ್ನು 1955ರ ಅಸ್ಪೃಶ್ಯತಾ ಕಾಯಿದೆ ಅಪರಾಧವೆಂದಿತು. ಕೆಲವೆಡೆ ಆ ಪಿಡುಗು ಇನ್ನೂ ಅಳಿದಿಲ್ಲ. ಅಷ್ಟರಲ್ಲೇ ಜೇಬು ನೋಡಿ ಬೇರೆ ನೀರು! ಇದನ್ನು ನಾವು ಒಪ್ಪುವುದಿಲ್ಲ.

ಕಾರ್ಮಿಕ ಬಂಧುಗಳೇ, ನಾಚದೆ ನೀರು ಕೇಳಿ. ಹೋಟೆಲು ನಡೆಸುವ ಮಿತ್ರರೇ, ಕಾಯಿಸಿ ಆರಿಸಿದ ನೀರನ್ನು ಕೇಳುವ ಮೊದಲೇ ಕೊಡಿ. ನಲ್ಲಿಯಲ್ಲಿ ಶುದ್ಧ ನೀರು ಬರಲೆಂದು ಪುರಸಭೆಯ ಬಾಗಿಲನ್ನು ಎಲ್ಲರೂ ಕೂಡಿ ತಟ್ಟೋಣ!