ಉಣ್ಣದವನ ಊಟ

ಮಲಪ್ರಭೆಯ ದಂಡೆಯ ರಾಮದುರ್ಗದಲ್ಲಿದ್ದುಕೊಂಡು ಮೈತೂಕ ಇಳಿಸುತ್ತೇನೆಂದು ಸಂಕಲ್ಪ ಮಾಡುವವನ ಧೈರ್ಯವನ್ನು ಮೊದಲು ಮೆಚ್ಚಬೇಕು. ಊರಿನಿಂದ ಯಾವ ದಿಕ್ಕಿಗೆ ಹೊರಟರೂ ದಾರಿಯ ಕೊನೆಯಲ್ಲಿ ಒಂದು ಸಿಹಿತಿಂಡಿ ಕಾದು ಕುಳಿತಿದೆ. ಬೆಳಗಾವಿಗೆ ಹೋದವರು ಕುಂದಾ ತರುತ್ತಾರೆ. ಗೋಕಾಕದಿಂದ ಬಂದವರ ಚೀಲದಲ್ಲಿ ಕರದಂಟು. ಧಾರವಾಡಕ್ಕೆ ಕಾಗದಪತ್ರದ ಕೆಲಸಕ್ಕೆಂದು ಹೋದ ನೆಂಟರೂ ಪೇಡೆಯಿಲ್ಲದೆ ಹಿಂದಿರುಗುವುದಿಲ್ಲ. ಮೂಡಣದ ಅಮೀನಗಡವು ತನ್ನ ಕರದಂಟೇ ಹೆಚ್ಚಿನದೆಂದು ಗೋಕಾಕದೊಡನೆ ಸ್ಪರ್ಧೆಗೆ ನಿಂತಿದೆ. ಮನೆಯೊಳಗಾದರೋ ಶೇಂಗಾ ಹೋಳಿಗೆ, ಮಾದಲಿ, ಎಣ್ಣೆಗಾಯಿ, ಅಗಸಿ ಹಿಂಡಿ. ಇವುಗಳ ನಡುವೆ ಕುಳಿತು ಒಂದೇ ರೊಟ್ಟಿಗೆ ಕೈ ತೊಳೆಯುವವನು ಸಾಮಾನ್ಯ ತಪಸ್ವಿಯಲ್ಲ.

ಆದರೆ ಹೊರಗಿನ ತಿಂಡಿಗಿಂತ ಅವನನ್ನು ಹೆಚ್ಚು ಕಾಡುವುದು ತಲೆಯೊಳಗಿನ ತಿಂಡಿ. ವೈದ್ಯರು ಸೊಂಟಕ್ಕೆ ಪಟ್ಟಿ ಸುತ್ತಿ, ರಕ್ತದ ಸಕ್ಕರೆ ನೋಡಿ, “ಹತ್ತು ಕಿಲೋ ಇಳಿಸಬೇಕು, ರಾಯರೆ” ಎಂದ ಮರುದಿನದಿಂದ ಗೃಹಸ್ಥನು ಮೂರು ರೊಟ್ಟಿಯನ್ನು ಒಂದಕ್ಕಿಳಿಸುತ್ತಾನೆ. ಚಹಾಕ್ಕೆ ಸಕ್ಕರೆ ಬಿಡುತ್ತಾನೆ. ಮೊದಲ ನಾಲ್ಕು ದಿನ ಉತ್ಸಾಹದಲ್ಲೇ ಕಳೆಯುತ್ತವೆ. ಐದನೆಯ ದಿನದಿಂದ ವಿಚಿತ್ರದ ಆರಂಭ. ಬೆಳಿಗ್ಗೆ ಹನ್ನೊಂದಕ್ಕೆ ಲೆಕ್ಕದ ಪುಸ್ತಕ ತೆರೆದರೆ ಅಂಕಿಗಳ ನಡುವೆ ಗಿರಮಿಟ್ಟು ಕಾಣುತ್ತದೆ. ಮಧ್ಯಾಹ್ನ ಉಣ್ಣುತ್ತಿರುವಾಗಲೇ ರಾತ್ರಿಯ ಊಟದ ಚಿಂತೆ. ರಾತ್ರಿ ಕಣ್ಣು ಮುಚ್ಚಿದರೆ, ಎಂದೋ ಯಾರದೋ ಮದುವೆಯಲ್ಲಿ ಬೇಡವೆಂದು ಎಲೆಯಲ್ಲೇ ಬಿಟ್ಟೆದ್ದ ಜಿಲೇಬಿ ಎದುರಿಗೆ ಬಂದು ನಿಲ್ಲುತ್ತದೆ. ಕೊನೆಗೆ ಆತನು ತನ್ನನ್ನೇ ಹಳಿದುಕೊಳ್ಳುತ್ತಾನೆ: “ಛೇ, ನನ್ನದೆಂಥ ಹೊಟ್ಟೆಬಾಕ ಮನಸ್ಸು!”

ಈ ಆಪಾದನೆ ಅನ್ಯಾಯದ್ದು. ಅದು ಅನ್ಯಾಯವೆಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗವೇ ಸಾಕ್ಷಿ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳು. ಯುರೋಪಿನಲ್ಲಿ ಹಸಿವಿನಿಂದ ನರಳುತ್ತಿದ್ದ ಜನರಿಗೆ ಹೇಗೆ ಉಣಿಸಿ ಚೇತರಿಸಬೇಕೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 36 ಜನ ತರುಣರನ್ನು ಆರಿಸಿಕೊಂಡನು. ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲದೆ, ಸೇವೆಯೆಂದು ತಾವಾಗಿಯೇ ಮುಂದೆ ಬಂದ ದೃಢಮನಸ್ಕರು ಅವರು. 1945ರಲ್ಲಿ 24 ವಾರಗಳ ಕಾಲ ಅವರಿಗೆ ದಿನಕ್ಕೆ ಸರಾಸರಿ 1570 ಕ್ಯಾಲೊರಿಯಷ್ಟು ಆಹಾರ ಮಾತ್ರ ಕೊಡಲಾಯಿತು. ಇಂದು ತೂಕ ಇಳಿಸುವ ಅನೇಕರ ಆಹಾರಪಟ್ಟಿ ಇದಕ್ಕಿಂತಲೂ ಕಡಿಮೆಯಿರುತ್ತದೆಂಬುದನ್ನು ಗಮನಿಸಬೇಕು.

ಆ ತರುಣರಿಗೆ ಏನಾಯಿತು? ಮೈತೂಕ ಸುಮಾರು ಕಾಲುಭಾಗ ಇಳಿಯಿತು. ಅದಕ್ಕಿಂತ ದೊಡ್ಡ ಬದಲಾವಣೆ ಮನಸ್ಸಿನಲ್ಲಾಯಿತು. ಯುದ್ಧ, ರಾಜಕೀಯ, ಪ್ರೇಮ, ಎಲ್ಲವೂ ಬೇಸರವಾದವು. ಮಾತು ಎಲ್ಲಿಂದ ಹೊರಟರೂ ಅನ್ನಕ್ಕೆ ಬಂದು ನಿಲ್ಲುತ್ತಿತ್ತು. ಅಡಿಗೆಮನೆಯತ್ತ ಎಂದೂ ಇಣಿಕದವರು ಪಾಕಪುಸ್ತಕಗಳನ್ನು ಕೂಡಿಹಾಕಿ, ಕಾದಂಬರಿಯಂತೆ ಓದತೊಡಗಿದರು. ಸಿನೆಮಾಕ್ಕೆ ಹೋದರೆ ಅವರ ಕಣ್ಣಿಗೆ ಬೀಳುತ್ತಿದ್ದುದು ನಾಯಕಿಯಲ್ಲ, ನಾಯಕಿಯ ಮುಂದಿನ ತಟ್ಟೆ. ಸಿಕ್ಕ ಊಟವನ್ನು ಚೂರುಚೂರು ಮಾಡಿ ಗಂಟೆಗಟ್ಟಲೆ ಕುಳಿತು ಉಂಡು, ಕೊನೆಗೆ ತಟ್ಟೆ ನೆಕ್ಕುತ್ತಿದ್ದರು. ಪ್ರಯೋಗ ಮುಗಿದು ಬೇಕಾದಷ್ಟು ಉಣ್ಣುವ ಕಾಲ ಬಂದಾಗಲೂ ಆ ಹಂಬಲ ಎಷ್ಟೋ ವಾರ ಅವರನ್ನು ಬಿಡಲಿಲ್ಲ. ಈ ಇಡೀ ವೃತ್ತಾಂತ 1950ರಲ್ಲಿ ಎರಡು ಬೃಹತ್ ಸಂಪುಟಗಳಾಗಿ ಹೊರಬಂತು. ಹೊಟ್ಟೆಬಾಕರಲ್ಲದ, ಬೊಜ್ಜೂ ಇಲ್ಲದ ಆ ಯುವಕರ ಗತಿಯೇ ಹೀಗಾದರೆ, ರಾಮದುರ್ಗದ ಗೃಹಸ್ಥನು ಗಿರಮಿಟ್ಟನ್ನು ನೆನೆದುದು ಯಾವ ದೊಡ್ಡ ಅಪರಾಧ?

ಇದರ ಒಳಮರ್ಮ ಮುಂದೆ ಒಂದೊಂದಾಗಿ ತಿಳಿದುಬಂದಿತು. ದೇಹದ ಕೊಬ್ಬು ತನ್ನ ದಾಸ್ತಾನು ಎಷ್ಟಿದೆಯೆಂಬ ವರ್ತಮಾನವನ್ನು ಮಿದುಳಿಗೆ ಕಳಿಸುತ್ತಲೇ ಇರುತ್ತದೆ; ಆ ದೂತನಾದ ಲೆಪ್ಟಿನ್ ಎಂಬ ರಸ 1994ರಲ್ಲಿ ಪತ್ತೆಯಾಯಿತು. ಜಠರದಿಂದ ಹೊರಟು “ಉಣ್ಣು” ಎಂದು ಸಾರುವ ಗ್ರೆಲಿನ್ ಎಂಬ ಇನ್ನೊಂದು ರಸವನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ತೂಕ ಇಳಿದಾಗ ಮೊದಲನೆಯದು ಕುಗ್ಗುತ್ತದೆ, ಎರಡನೆಯದು ಹೆಚ್ಚುತ್ತದೆ. ಮಿದುಳಿಗೆ ಇದೊಂದು ಬರಗಾಲದ ಸುದ್ದಿ. ವೈದ್ಯರ ಚೀಟಿಯನ್ನು ಅದು ಓದಲಾರದಷ್ಟೆ. ಮೆಲ್ಬರ್ನ್ ನಗರದ ಸಂಶೋಧಕರು 2011ರಲ್ಲಿ ಪ್ರಕಟಿಸಿದಂತೆ, ಕಟ್ಟುನಿಟ್ಟಿನ ಪಥ್ಯದಿಂದ ತೂಕ ಇಳಿಸಿದವರಲ್ಲಿ ಈ ಏರುಪೇರು ಒಂದು ವರ್ಷ ಕಳೆದರೂ ಪೂರ್ತಿ ಸರಿಹೋಗಿರಲಿಲ್ಲ.

ಹಾಗೆಂದು ತೂಕ ಇಳಿಸುವುದೇ ಬೇಡವೆ? ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಹೇಳಿದಂತೆ ದೇಶದಲ್ಲಿ ಬೊಜ್ಜಿನವರು ಸುಮಾರು 25 ಕೋಟಿ, ಸಕ್ಕರೆ ರೋಗಿಗಳು ಸುಮಾರು 10 ಕೋಟಿ. ರಾಮದುರ್ಗ ನೇಕಾರರ ಊರು. ದಿನವಿಡೀ ಕೈಮಗ್ಗದಲ್ಲಿ ಲಾಳಿ ಎಸೆದು, ಕಾಲಿನಿಂದ ಹಲಗೆ ತುಳಿದ ಅಜ್ಜನಿಗೆ ನಾಲ್ಕು ರೊಟ್ಟಿ ಸಾಲುತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕುರ್ಚಿಯಲ್ಲಿ ಕುಳಿತ ಮೊಮ್ಮಗನಿಗೆ ಆ ರೊಟ್ಟಿಗಳ ಲೆಕ್ಕ ಮಾತ್ರ ವಂಶಪಾರಂಪರ್ಯವಾಗಿ ಬಂದಿದೆ.

ಹಂಬಲವನ್ನು ಹತ್ತಿಕ್ಕುವುದರಿಂದ ಅದು ಅಡಗುವುದಿಲ್ಲವೆಂಬುದು ಪ್ರಾಚೀನರಿಗೂ ತಿಳಿದಿತ್ತು. ನಿರಾಹಾರಿಯಿಂದ ವಿಷಯಗಳು ದೂರ ಸರಿದರೂ ಅವುಗಳ ರುಚಿ ಉಳಿದೇ ಇರುತ್ತದೆಂಬ ಮಾತು ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿದೆ. ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞನು 1987ರಲ್ಲಿ ಇದನ್ನೇ ಬೇರೆ ರೀತಿಯಿಂದ ತೋರಿಸಿದನು: ಬಿಳಿಯ ಕರಡಿಯನ್ನು ನೆನೆಯಬೇಡಿರೆಂದು ವಿದ್ಯಾರ್ಥಿಗಳಿಗೆ ಹೇಳಿದಾಗ ಅವರಿಗೆ ಮತ್ತೆ ಮತ್ತೆ ಬಿಳಿಯ ಕರಡಿಯೇ ನೆನಪಾಯಿತು. ಕರದಂಟನ್ನು ನೆನೆಯಕೂಡದೆಂದು ಹಲ್ಲು ಕಚ್ಚಿ ಕುಳಿತವನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ನೆನಪು ಬಂದರೆ ಬರಲಿ, ಕುಳಿತು ಹೋಗಲಿ, ಎಂದು ಬಿಟ್ಟವನಿಗೇ ಕಷ್ಟ ಕಡಿಮೆ. ಆಸೆ ಅಲೆಯಂತೆ ಏರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆ ಹೊತ್ತನ್ನು ಹೊಳೆಯ ಕಡೆಗೆ ಒಂದು ಸುತ್ತು ನಡೆದು ಬರುವುದರಲ್ಲಿ ಕಳೆಯಬಹುದು.

ಗೃಹಸ್ಥನಿಗೇನೋ ಕಚೇರಿಯುಂಟು, ಹೊಳೆಯ ದಂಡೆಯುಂಟು. ಗೃಹಿಣಿಯ ಪಾಡೇನು? ಮೊಣಕಾಲು ನೋವಿಗೋ ಸಕ್ಕರೆಗೋ ಅಂಜಿ ಆಕೆ ಊಟ ಕಡಿಮೆ ಮಾಡಿದಳೆನ್ನಿ. ಅನ್ನದ ಚಿಂತೆ ಆಕೆಗೆ ಚಿತ್ತಚಾಂಚಲ್ಯವಲ್ಲ, ದಿನದ ಉದ್ಯೋಗ. ಬೆಳಗಿನ ನಾಷ್ಟಾ ಮುಗಿಯುವ ಮೊದಲೇ ಮಧ್ಯಾಹ್ನದ ಪಲ್ಯ ಏನೆಂಬ ಪ್ರಶ್ನೆ. ಸಂಜೆ ಮಕ್ಕಳಿಗೆ ಏನಾದರೂ ಕರಿಯಬೇಕು. ಅತ್ತೆಯವರಿಗೆ ಮೆತ್ತಗೆ, ಮಾವನವರಿಗೆ ಖಾರವಾಗಿ. ಉಪ್ಪು ನೋಡಬೇಕು, ಹದ ನೋಡಬೇಕು, ಉಳಿದುದನ್ನು ಚೆಲ್ಲಬಾರದು. ಹೀಗೆ ನೋಡಿದ ಉಪ್ಪು, ಉಳಿದ ಅರ್ಧ ಹೋಳಿಗೆ, ಯಾರ ಲೆಕ್ಕಕ್ಕೂ ಬರದೆ ಆಕೆಯ ಹೊಟ್ಟೆಗೆ ಸೇರುತ್ತವೆ. ಎಲ್ಲರೂ ಉಂಡಾದ ಮೇಲೆ ತಣ್ಣಗಾದ ಊಟಕ್ಕೆ ಒಬ್ಬಳೇ ಕೂಡುತ್ತಾಳೆ. “ನೀನು ಏನೂ ತಿನ್ನುವುದಿಲ್ಲ, ಆದರೂ ತೂಕ ಇಳಿಯುವುದಿಲ್ಲವಲ್ಲ!” ಎಂದು ಮನೆಯವರು ನಗುತ್ತಾರೆ. ಈ ನಗೆ ಕ್ರೂರವಾದುದು. “ನಾಳೆ ಏನು ಅಡಿಗೆ?” ಎಂಬ ಪ್ರಶ್ನೆಯನ್ನು ವಾರಕ್ಕೆರಡು ದಿನವಾದರೂ ಇನ್ನೊಬ್ಬರು ಹೊತ್ತು, ಆಕೆಯನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿದರೆ, ಯಾವ ಪಥ್ಯದ ಚೀಟಿಗಿಂತಲೂ ಅದು ಹೆಚ್ಚು ಉಪಕಾರ ಮಾಡೀತು.

ಸುರೇಬಾನದ ಬಳಿಯ ಶಬರಿಕೊಳ್ಳದಲ್ಲಿ ಶಬರಿಯು ರಾಮನಿಗಾಗಿ ಕಾದಿದ್ದಳೆಂದು ಆ ಸೀಮೆಯ ನಂಬಿಕೆ. ಅತಿಥಿಗೆ ಏನು ಬಡಿಸಲಿ ಎಂಬ ಧ್ಯಾನದಲ್ಲೇ ಮುಪ್ಪಾದ ಆಕೆಯ ನಾಡಿನಲ್ಲಿ ಇಂದಿಗೂ ಬಂದವರಿಗೆ “ಇನ್ನೊಂದು ಹಾಕಿಸಿಕೊಳ್ಳಿರಿ” ಎಂಬ ಒತ್ತಾಯ ತಪ್ಪಿದ್ದಲ್ಲ. ಪ್ರೀತಿಯ ಒತ್ತಾಯವೇ ಅದು. ಆದರೆ ಪಥ್ಯದಲ್ಲಿರುವವನಿಗೆ ಹೋಳಿಗೆಯ ಮೇಲೆ ಹೋಳಿಗೆ ಇಕ್ಕುವುದು ಆತಿಥ್ಯವೆನಿಸಲಾರದು. ಶಬರಿ ಕೊಟ್ಟದ್ದು ಬೋರೆಹಣ್ಣೆಂದು ಜನ ಹೇಳುತ್ತಾರೆ. ಕರಿದ ಪದಾರ್ಥವನ್ನಂತೂ ಅಲ್ಲ!

ಉಪವಾಸದಿಂದ ಹಂಬಲ ಹೆಚ್ಚುವುದರಿಂದ, ಹೊತ್ತು ಹೊತ್ತಿಗೆ ಉಣ್ಣುವುದೇ ಅದಕ್ಕೆ ಮೊದಲ ಮದ್ದು. ಮುಂಜಾನೆ ಬಿಟ್ಟು, ಮಧ್ಯಾಹ್ನ ಮುಕ್ಕಾಲು ಬಿಟ್ಟು, ರಾತ್ರಿ ಡಬ್ಬಿ ತೆರೆಯುವುದು ಎಲ್ಲರ ಕಥೆ. ರೊಟ್ಟಿ ಎರಡಿರಲಿ, ಅದರ ಜೊತೆಗೆ ಮೊಳಕೆಯ ಮಡಿಕೆ ಕಾಳು, ಹೆಸರುಕಾಳು, ಬೇಳೆ ಹಾಕಿದ ಸೊಪ್ಪಿನ ಪಲ್ಯ, ಹಸಿ ಸೌತೆ, ಮೂಲಂಗಿ, ಮಜ್ಜಿಗೆ ಧಾರಾಳವಾಗಿರಲಿ. ನಾರು ಮತ್ತು ಸಸಾರಜನಕ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಶೇಂಗಾ ಒಳ್ಳೆಯದೇ, ಆದರೆ ಒಂದು ಹಿಡಿಯಲ್ಲಿ, ಅಂದರೆ 30 ಗ್ರಾಮಿನಲ್ಲಿ, 170ರಷ್ಟು ಕ್ಯಾಲೊರಿ ಇದೆಯಾದ್ದರಿಂದ ಮಾತಾಡುತ್ತ ಬೊಗಸೆಗಟ್ಟಲೆ ಮೆಲ್ಲುವ ವಸ್ತು ಅದಲ್ಲ. ಹಬ್ಬದ ಹೋಳಿಗೆಯನ್ನು ಒಂದೇ ಆದರೂ ಎಲ್ಲರೊಡನೆ ಕುಳಿತು, ಅಳುಕದೆ ತಿನ್ನಬೇಕು. ನಿದ್ದೆಗೆಟ್ಟರೆ ಹಸಿವೆಯ ರಸ ಏರುತ್ತದೆಂಬುದು ಪರೀಕ್ಷೆಗಳಲ್ಲಿ ಕಂಡುಬಂದಿರುವುದರಿಂದ ರಾತ್ರಿಯ ನಿದ್ದೆಯೂ ಪಥ್ಯದ ಭಾಗವೇ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಹೆಚ್ಚು ಅವಸರಪಟ್ಟಷ್ಟೂ ದೇಹ ಬರಗಾಲದ ಡಂಗುರ ಹೆಚ್ಚು ಸಾರುತ್ತದೆ.

ಇತ್ತೀಚೆಗೆ ಈ ಡಂಗುರವನ್ನೇ ತಗ್ಗಿಸುವ ಚುಚ್ಚುಮದ್ದುಗಳು ಬಂದಿವೆ. ಮೈತೂಕಕ್ಕೆಂದೇ ಅವು 2025ರಿಂದ ಭಾರತದಲ್ಲಿಯೂ ದೊರೆಯುತ್ತಿವೆ. ತಲೆಯೊಳಗಿನ ಗದ್ದಲ ಒಮ್ಮೆಲೇ ನಿಂತಿತೆಂದು ಅವನ್ನು ತೆಗೆದುಕೊಂಡ ಅನೇಕರು ಹೇಳಿದ್ದಾರೆ. ಈ ಹಂಬಲ ಶೀಲದ ದೋಷವಲ್ಲ, ಶರೀರದ ವ್ಯಾಪಾರ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಆದರೆ ಬೆಲೆ ದುಬಾರಿ, ವಾಂತಿ-ಓಕರಿಕೆಗಳ ಕಾಟವೂ ಉಂಟು. ಮದ್ದು ಬಿಟ್ಟ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದುದನ್ನು 2022ರ ಅಧ್ಯಯನವೊಂದು ತೋರಿಸಿದೆ. ವೈದ್ಯರನ್ನು ಕೇಳದೆ ಅದರ ಗೊಡವೆ ಸಲ್ಲದು. ಸಕ್ಕರೆಗೆ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿರುವವರು ತಾವಾಗಿ ಊಟ ಬಿಡುವುದೂ ಅಪಾಯಕರ. ಇನ್ನು, ಅನ್ನದ ಚಿಂತೆ ಮಿತಿಮೀರಿ, ಕದ್ದು ತಿನ್ನುವ, ತಿಂದುದನ್ನು ಬೇಕೆಂದೇ ಕಕ್ಕುವ ಹಂತ ಮುಟ್ಟಿದರೆ, ಅದರಲ್ಲೂ ಕಾಲೇಜಿಗೆ ಹೋಗುವ ಹುಡುಗಿಯರಲ್ಲಿ ಇದು ಕಂಡರೆ, ಗದರಿಸದೆ, ತಡಮಾಡದೆ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು.