ಬೆರಳಿಗೆ ಸಿಗುವ ಶುಭಾಶಯ

ಹೋದ ಯುಗಾದಿಗೆ ಮೈಸೂರಿನ ಅಜ್ಜಿಗೆ ದುಬಾರಿ ಕಾರ್ಡೊಂದನ್ನು ಕಳಿಸಿದ್ದೆ. ಹೊಳೆಯುವ ಕಾಗದ, ಚಿನ್ನದ ಬಣ್ಣದ ಅಚ್ಚು. ಗ್ಲಾಕೋಮಾ ಬಂದ ಮೇಲೆ ಅಜ್ಜಿಗೆ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಫೋನಿನಲ್ಲಿ ಕೇಳಿದ್ದು ಇಷ್ಟೇ: ‘ಗಾಜಿನ ಹಾಗೆ ನುಣ್ಣಗಿದೆಯಲ್ಲೋ ಮಗು, ಇದರಲ್ಲಿ ಏನಿದೆ?’

ಅಂದಿನಿಂದ ರಾಯಪುರಂನ ನನ್ನ ಪುಟ್ಟ ಮನೆಯಲ್ಲಿ ಭಾನುವಾರಗಳು ಕಾಗದ, ಗೋಂದಿಗೆ ಮೀಸಲು. ಬೇಕಾದ ದಪ್ಪ ಕಾಗದವೆಲ್ಲ ಪ್ಯಾರೀಸ್ ಕಾರ್ನರ್ ಬಳಿಯ ಆಂಡರ್ಸನ್ ಸ್ಟ್ರೀಟಿನಲ್ಲಿ ಸಿಗುತ್ತದೆ. ಮದುವೆ ಕಾರ್ಡಿಗೆ ಚೆನ್ನೈ ಜನ ಹೋಗುವ ಬೀದಿ ಅದು.

ಮೊದಲು ಮಾಡಿದ್ದು ಉಪ್ಪಿನ ಪ್ರಯೋಗ. ಒದ್ದೆ ಜಲವರ್ಣದ ಮೇಲೆ ಹರಳುಪ್ಪು ಉದುರಿಸಿದರೆ ಅದು ನೀರು ಹೀರಿ ನಕ್ಷತ್ರದಂಥ ಗುರುತು ಬಿಡುತ್ತದೆ. ಕಾಸಿಮೇಡಿನ ಕಡಲ ಗಾಳಿಗೆ ಉಪ್ಪೇ ಒದ್ದೆಯಾಗಿರುವುದರಿಂದ ನನ್ನ ನಕ್ಷತ್ರಗಳು ಮಬ್ಬು. ಅದಿರಲಿ, ಒಣಗಿದ ಮೇಲೆ ಉಪ್ಪು ಕೊಡವಿ ಕೈಯಾಡಿಸಿದರೆ ಎಲ್ಲ ಸಪಾಟು! ಟೂತ್‌ಬ್ರಷ್‌ನಿಂದ ಬಣ್ಣ ಸಿಡಿಸುವುದು, ಸ್ಪಂಜಿನಿಂದ ಒತ್ತುವುದು ಕೂಡ ಹಾಗೆಯೇ. ಟೆಕ್ಸ್ಚರ್ ಎಂದು ಕಲಿಸುವುದರಲ್ಲಿ ಅರ್ಧದಷ್ಟು ಕಣ್ಣಿಗೆ ಮಾತ್ರ ಒರಟು. ನಾವು ಕಾರ್ಡ್ ಮಾಡುವುದು ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಲಿಕ್ಕೆ ಎಂಬ ಅನುಮಾನ ನನಗೆ ಬಂದಿದ್ದು ಆಗಲೇ. ಕೈಯಿಂದ ಮಾಡಿದ್ದು ಎನ್ನುತ್ತೇವೆ, ಕೈಗೆ ಏನೂ ಕೊಡುವುದಿಲ್ಲ.

ಕೈಗೆ ಸಿಗುವ ದಾರಿಗಳೂ ಇವೆ. ಸುಕ್ಕುಗಟ್ಟಿಸಿದ ಟಿಶ್ಯೂ ಅಂಟಿಸಬಹುದು. ರಟ್ಟಿನ ಡಬ್ಬದ ಮೇಲ್ಪದರ ಕಿತ್ತರೆ ಒಳಗಿನ ಅಲೆಗಳು ಸಿಗುತ್ತವೆ. ರಾಗಿ ಕಾಳು ಅಂಟಿಸಿದ್ದು ಮಾತ್ರ ಇರುವೆಗಳಿಗೆ ಹಬ್ಬವಾಯಿತು.

ಕೊನೆಗೆ ಕೈಹಿಡಿದದ್ದು ನಮ್ಮೂರಿನ ಗೆಸ್ಸೊ. ಮೈಸೂರು ಚಿತ್ರಕಲೆಯಲ್ಲಿ ಬಿಳಿ ಸಫೇದ ಪುಡಿಗೆ ಗೋಂದು ಬೆರೆಸಿ ಆಭರಣ, ಸೀರೆಯಂಚನ್ನು ತೆಳುವಾಗಿ ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನವರದು ದಪ್ಪ ಉಬ್ಬು, ಜತೆಗೆ ಕಲ್ಲುಗಳು. ಅದನ್ನು ಹೊರಲು ಹಲಗೆ ಇರುತ್ತದೆ. ತಮಿಳು ಗೆಳೆಯರು ಬೇಸರಿಸದಿದ್ದರೆ ಹೇಳುತ್ತೇನೆ, ಕಾರ್ಡಿಗೆ ಮೈಸೂರೇ ಸರಿ. ಬಾಗುವ ಕಾಗದದ ಮೇಲೆ ದಪ್ಪ ಉಬ್ಬು ಬಿರುಕು ಬಿಡುತ್ತದೆ. ನಾನು ಸೀಮೆಸುಣ್ಣದ ಪುಡಿಗೆ ಫೆವಿಕಾಲ್ ಕಲಸಿ, ಮೆಹಂದಿ ಕೋನಿಗೆ ತುಂಬಿ ಎಳೆಯುತ್ತೇನೆ. ಒಂದೇ ಸಲ ದಪ್ಪಗೆ ಹಾಕಿದರೆ ಮೇಲ್ಭಾಗ ಮೊದಲು ಒಣಗಿ ಸೀಳುತ್ತದೆ. ಹಾಗಾಗಿ ಮೂರು ತೆಳು ಪದರ, ಪ್ರತಿಯೊಂದಕ್ಕೂ ಒಂದು ರಾತ್ರಿ ಫ್ಯಾನಿನ ಕೆಳಗೆ.

ಅಂಗೈಯಗಲದ ಅಕ್ಷರಗಳಲ್ಲಿ ‘ಅಜ್ಜಿ’ ಎಂದು ಬರೆದು, ನಡುವೆ ರಟ್ಟಿಟ್ಟು ಕಳಿಸಿದೆ. ಬ್ರೈಲ್ ಕಲಿಯುವ ವಯಸ್ಸಲ್ಲ ಅಜ್ಜಿಯದು. ಆದರೆ ಮರಳಿನ ಮೇಲೆ ಬೆರಳಿನಿಂದ ತಿದ್ದಿ ಅಕ್ಷರ ಕಲಿತ ಕೈ. ಆ ಸಂಜೆ ಫೋನು ಬಂತು. ‘ಅ ಇದೆ, ಜಿ ಇದೆ. ಒತ್ತು ಎಲ್ಲೋ? ನನ್ನ ಅಜಿ ಮಾಡಿಬಿಟ್ಟಿದೀಯಲ್ಲ!’

ಒತ್ತು ಹಾಕಿದ್ದೆ. ಮೇಲಿನ ಅಕ್ಷರಕ್ಕೆ ತೀರಾ ಹತ್ತಿರ ಹಾಕಿದ್ದರಿಂದ ಎರಡೂ ಕೂಡಿ ಒಂದೇ ಗುಡ್ಡೆಯಾಗಿತ್ತು. ಈ ಸಲ ನಡುವೆ ಒಂದು ಬೆರಳು ಜಾಗ ಬಿಟ್ಟಿದ್ದೇನೆ. ಎರಡನೆಯ ಪದರ ಇನ್ನೂ ಒಣಗಬೇಕು.